ಹೊಗೆಯ ದಾರಿ, ಮನುಷ್ಯನ ದಾರಿ

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಬಾವಿಯನ್ನು ಮೊದಲೇ ತೋಡಿಸುವುದಕ್ಕಾಗಿ ಏರ್ಪಟ್ಟಿರುವುದೇ ಕಟ್ಟಡಗಳ ಅಗ್ನಿರಕ್ಷಣೆಯ ಕಾನೂನು. ಆದರೆ ಆ ನಿಯಮಗಳನ್ನು ತೆರೆದು ನೋಡಿದವರಿಗೆ ನೀರಿನ ಮಾತಿನಷ್ಟೇ ಬಾಗಿಲಿನ ಅಗಲ, ಮೆಟ್ಟಿಲಿನ ದೂರ, ಗೋಡೆಯ ತೂತು ಇವುಗಳ ಮಾತೂ ಕಾಣುವುದು. ಬೆಂಕಿಯನ್ನು ಆರಿಸಲು ಹೊರಟ ಕಾನೂನು ಬಾಗಿಲನ್ನು ಕುರಿತು ಇಷ್ಟೊಂದು ಚಿಂತಿಸುವುದೇಕೆ? ಇದಕ್ಕೆ ಉತ್ತರವನ್ನು ಭೌತವಿಜ್ಞಾನವೇ ಕೊಡುತ್ತದೆ. ಅದನ್ನು ಇಲ್ಲಿ ವಿಚಾರಮಾಡೋಣ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಕರೂರು ಭತ್ತದ ಸೀಮೆಗೆ ಸೇರಿದ ಊರು. ಸುಗ್ಗಿ ಮುಗಿದ ಮೇಲೆ ಇಂತಹ ಊರುಗಳಲ್ಲಿ ಹುಲ್ಲಿನ ಬಣವೆಗಳು ಏಳುತ್ತವೆ. ಬಯಲಿನಲ್ಲಿರುವ ಬಣವೆಗೆ ಬೆಂಕಿ ತಗುಲಿತೆನ್ನೋಣ. ಗಾಳಿಯ ಎದುರು ಬದಿಯಲ್ಲಿ, ಸಾಕಷ್ಟು ದೂರದಲ್ಲಿ ನಿಂತವನಿಗೆ ಕಾವು ತಟ್ಟೀತು, ಪ್ರಾಣಾಪಾಯವಿಲ್ಲ. ಆದರೆ ಅದೇ ಹುಲ್ಲಿನ ಒಂದೆರಡು ಹೊರೆಗಳು ಮುಚ್ಚಿದ ಕೋಣೆಯಲ್ಲಿ ಉರಿದರೆ ಒಳಗಿರುವವನು ಉರಿ ಮುಟ್ಟುವುದಕ್ಕೆ ಮುಂಚೆಯೇ ಕುಸಿದು ಬೀಳಬಹುದು. ಇಂಧನ ಒಂದೇ, ಉರಿಯೂ ಒಂದೇ; ಹೊಗೆಗೆ ದೊರೆತ ದಾರಿ ಮಾತ್ರ ಬೇರೆ. ಬಯಲಿನಲ್ಲಿ ಹೊಗೆಗೆ ಆಕಾಶವೇ ದಾರಿ. ಮನೆಯಲ್ಲಾದರೋ ಮನುಷ್ಯನು ಓಡಬೇಕಾದ ದಾರಿಯನ್ನೇ ಅದೂ ಹಿಡಿಯುತ್ತದೆ.

ಹೊಗೆ ಮೇಲಕ್ಕೆ ಏರುವುದೇಕೆ? ಒತ್ತಡವು ಬದಲಾಗದಿದ್ದರೆ ಅನಿಲದ ಗಾತ್ರ ಅದರ ನಿರಪೇಕ್ಷ ಉಷ್ಣತೆಗೆ ಅನುಗುಣವಾಗಿ ಹೆಚ್ಚುತ್ತದೆ ಎಂಬುದು ಚಾರ್ಲ್ಸನ ನಿಯಮ. ನಮ್ಮ ಸೀಮೆಯ ಸಾಧಾರಣ ದಿನದ 27 ಡಿಗ್ರಿ ಸೆಂಟಿಗ್ರೇಡ್ ಎಂದರೆ ನಿರಪೇಕ್ಷ ಮಾನದಲ್ಲಿ 300 ಡಿಗ್ರಿ. ಅದೇ ಗಾಳಿಯನ್ನು 327 ಡಿಗ್ರಿಗೆ ಕಾಯಿಸಿದರೆ ನಿರಪೇಕ್ಷ ಉಷ್ಣತೆ 600 ಆಗುವುದು. ಆಗ ಗಾತ್ರ ಇಮ್ಮಡಿ, ಸಾಂದ್ರತೆ ಅರ್ಧ. ಹಗುರವಾದ ಗಾಳಿಯು ನೀರಿನಲ್ಲಿ ಬೆಂಡು ತೇಲುವಂತೆ ತಂಪುಗಾಳಿಯಲ್ಲಿ ತೇಲಿ ಏರುತ್ತದೆ.

ಈಗ 20 ಮೀಟರ್ ಎತ್ತರದ ಒಂದು ಕಟ್ಟಡವನ್ನೂ, ಅದರೊಳಗೆ ತಳದಿಂದ ತುದಿಯವರೆಗೆ ಹೋಗುವ ಕೊಳವೆಯಂತಹ ಒಂದು ಟೊಳ್ಳನ್ನೂ ಊಹಿಸಿಕೊಳ್ಳೋಣ. ಹೊರಗಿನ ಗಾಳಿಯ ಒಂದು ಘನಮೀಟರಿಗೆ ಸುಮಾರು 1.18 ಕಿಲೋಗ್ರಾಂ ತೂಕ. ಒಂದು ಚದರ ಮೀಟರಿನ ಮೇಲೆ 20 ಮೀಟರ್ ಎತ್ತರ ನಿಂತ ಗಾಳಿಯ ಕಂಬ ಸುಮಾರು 24 ಕಿಲೋಗ್ರಾಂ ತೂಗುವುದು. ಟೊಳ್ಳಿನೊಳಗೆ 327 ಡಿಗ್ರಿಯ ಹೊಗೆ ತುಂಬಿದ್ದರೆ ಅಷ್ಟೇ ಗಾತ್ರದ ಕಂಬಕ್ಕೆ ಸುಮಾರು 12 ಕಿಲೋಗ್ರಾಂ ಮಾತ್ರ. ಟೊಳ್ಳಿನ ತಳ ಹೊರಗಾಳಿಗೆ ತೆರೆದಿದ್ದರೆ ಉಳಿದ 12 ಕಿಲೋಗ್ರಾಮಿನ ವ್ಯತ್ಯಾಸವೇ ಹೊಗೆಯನ್ನು ತುದಿಯಲ್ಲಿ ಹೊರಕ್ಕೆ ದೂಡುವ ಒತ್ತಡ. ಎರಡು ಚದರ ಮೀಟರಿನ ಬಾಗಿಲೊಂದು ಅಲ್ಲಿದ್ದರೆ ಅದರ ಮೇಲೆ ಬೀಳುವ ಬಲ 24 ಕಿಲೋಗ್ರಾಂ ಭಾರದಷ್ಟು. ಅಕ್ಕಿ ಗಿರಣಿಯ ಹೊಗೆಗೂಡನ್ನು ಎತ್ತರವಾಗಿ ಕಟ್ಟುವುದರ ತತ್ತ್ವವೂ ಇದೇ. ಮನೆಯ ಮೆಟ್ಟಿಲುಗಂಡಿ, ಲಿಫ್ಟಿನ ಗುಂಡಿ, ವಿದ್ಯುತ್ ತಂತಿಗಳು ಹಾಯುವ ಗೂಡು ಇವೆಲ್ಲವೂ ಬೆಂಕಿ ಬಿದ್ದ ಗಳಿಗೆಯಲ್ಲಿ ನಾವು ಬಯಸದ ಹೊಗೆಗೂಡುಗಳಾಗಿ ಮಾರ್ಪಡುವುವು.

ಈ ತತ್ತ್ವಕ್ಕೆ ಕರ್ನಾಟಕವು ತೆತ್ತ ಬೆಲೆಯನ್ನು ಮರೆಯುವಂತಿಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ ವಿದ್ಯುತ್ ತಂತಿಗಳ ಗೂಡಿನಲ್ಲಿ ಬೆಂಕಿ ಹೊತ್ತಿಕೊಂಡಿತು. ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. 9 ಮಂದಿ ಮಡಿದರು. ಉಸಿರು ಕಟ್ಟಿ ಕಿಟಕಿಯ ಗಾಜನ್ನು ಒಡೆದು ಕೆಳಕ್ಕೆ ಧುಮುಕಿ ಪ್ರಾಣ ಬಿಟ್ಟವರೂ ಅವರಲ್ಲಿದ್ದರು. ಅಲ್ಲಿ ಜನರನ್ನು ಬಲಿತೆಗೆದುಕೊಂಡದ್ದು ಉರಿಗಿಂತ ಮಿಗಿಲಾಗಿ ಹೊಗೆ.

ಹೊಗೆಯಲ್ಲಿ ಅಂತಹ ವಿಷವೇನಿದೆ? ಸಾಕಷ್ಟು ಆಮ್ಲಜನಕ ದೊರೆಯದೆ ವಸ್ತುಗಳು ಅರೆಬರೆ ಉರಿದಾಗ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಒಲವಿನಿಂದ ಅದನ್ನು ಅಪ್ಪಿಕೊಳ್ಳುತ್ತದೆ. ಹೀಗಾಗಿ ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ಮುಟ್ಟದು. ಮೊದಲು ಬುದ್ಧಿ ಮಂಕಾಗುವುದು, ಬಳಿಕ ಕಾಲು ಸೋಲುವುದು. ಜೊತೆಗೆ ಮಸಿಯ ಕಣಗಳು ಕಣ್ಣನ್ನು ಕಟ್ಟುವುದರಿಂದ ಪರಿಚಿತವಾದ ಬಾಗಿಲೂ ಕಾಣದಾಗುತ್ತದೆ. ಬಿಸಿ ಹೊಗೆ ಮೊದಲು ಚಾವಣಿಯಲ್ಲಿ ಶೇಖರವಾಗಿ ಕ್ರಮವಾಗಿ ಕೆಳಕ್ಕೆ ಇಳಿಯುವುದಾದ್ದರಿಂದ ಸ್ವಲ್ಪ ಕಾಲ ನೆಲದ ಬಳಿ ಉಸಿರಾಡಬಹುದಾದ ಗಾಳಿ ಉಳಿದಿರುತ್ತದೆ. ಬಗ್ಗಿ ತೆವಳಿಕೊಂಡು ಹೋಗಬೇಕೆಂದು ಹೇಳುವುದು ಇದಕ್ಕಾಗಿಯೇ.

ಇಷ್ಟು ತಿಳಿದ ಮೇಲೆ ಕಾನೂನಿನ ಕಡೆಗೆ ತಿರುಗೋಣ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಪ್ರಕಟವಾದುದು 1970ರಲ್ಲಿ. 2016ರ ಆವೃತ್ತಿಯ ನಾಲ್ಕನೆಯ ಭಾಗವು ಅಗ್ನಿ ಮತ್ತು ಜೀವರಕ್ಷಣೆಗೆ ಮೀಸಲಾಗಿದೆ. ಸಂಹಿತೆಯು ತಾನಾಗಿ ಶಾಸನವಲ್ಲ. ರಾಜ್ಯದ ಅಧಿನಿಯಮಗಳೂ ಸ್ಥಳೀಯ ಸಂಸ್ಥೆಗಳ ಉಪವಿಧಿಗಳೂ ಅದನ್ನು ಅಂಗೀಕರಿಸಿದಾಗ ಅದಕ್ಕೆ ಕಾನೂನಿನ ಬಲ ಬರುತ್ತದೆ. ನಮ್ಮ ರಾಜ್ಯದ ಅಗ್ನಿಶಾಮಕ ದಳಕ್ಕೆ ಆಧಾರವಾದ ಅಧಿನಿಯಮ 1964ರಲ್ಲಿ ರಚಿತವಾಯಿತು.

ಸಂಹಿತೆಯ ಕೆಲವು ವಿಧಿಗಳನ್ನು ನೋಡಿ. ತಂತಿಗಳ ಗೂಡನ್ನು ಪ್ರತಿಯೊಂದು ಮಹಡಿಯ ಮಟ್ಟದಲ್ಲಿಯೂ ಬೆಂಕಿಯನ್ನು ತಡೆಯುವ ವಸ್ತುವಿನಿಂದ ಮುಚ್ಚಬೇಕು. ಹೀಗೆ ಮಾಡಿದರೆ 20 ಮೀಟರಿನ ಒಂದು ಹೊಗೆಗೂಡು ಮೂರು ಮೂರು ಮೀಟರಿನ ಸಣ್ಣ ಪೆಟ್ಟಿಗೆಗಳಾಗಿ ಒಡೆದುಹೋಗಿ ಮೇಲೆ ಲೆಕ್ಕಹಾಕಿದ ಒತ್ತಡ ಹುಟ್ಟುವುದೇ ಇಲ್ಲ. ನಿರ್ಗಮನದ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲಿಗೆ ಹತ್ತು ಜನ ಒಬ್ಬೊಬ್ಬರು 15 ಕಿಲೋಗ್ರಾಂ ಭಾರದಷ್ಟು ಬಲದಿಂದ ಒತ್ತಿಕೊಂಡರೆಂದರೆ, 150 ಕಿಲೋಗ್ರಾಮಿನ ಎದುರು ಅದನ್ನು ಎಳೆಯಬಲ್ಲ ಭೀಮನಾರು? ಸಭಾಭವನದಲ್ಲಿ ಯಾವ ಸ್ಥಳದಿಂದಲೂ ನಿರ್ಗಮನಕ್ಕೆ 30 ಮೀಟರಿಗಿಂತ ಹೆಚ್ಚು ನಡೆಯಬೇಕಾಗಿರಬಾರದು. ಅಲ್ಲಿಯ ಮೆಟ್ಟಿಲಿಗೆ 2 ಮೀಟರ್ ಅಗಲವಾದರೂ ಇರಬೇಕು. ಲಿಫ್ಟನ್ನು ನಿರ್ಗಮನವೆಂದು ಎಣಿಸುವಂತಿಲ್ಲ. ಇವೆಲ್ಲದರ ಉದ್ದೇಶ ಒಂದೇ: ಹೊಗೆಯ ದಾರಿಯನ್ನೂ ಮನುಷ್ಯನ ದಾರಿಯನ್ನೂ ಬೇರ್ಪಡಿಸುವುದು, ಹೊಗೆ ಇಳಿಯುವ ಮೊದಲು ಮನುಷ್ಯನು ಹೊರಗಿರುವಂತೆ ಮಾಡುವುದು.

ಸ್ವಯಂಚಾಲಿತ ನೀರೆರಚುಕಗಳು ಇದಕ್ಕೆ ಸಮಯವನ್ನು ಗಳಿಸಿಕೊಡುತ್ತವೆ. ಚಾವಣಿಯ ಕೊಳವೆಯ ಬಾಯಿಗೆ ದ್ರವ ತುಂಬಿದ ಪುಟ್ಟ ಗಾಜಿನ ಬುರುಡೆಯೊಂದನ್ನು ಬಿರಡೆಯಂತೆ ಸಿಕ್ಕಿಸಿರುತ್ತಾರೆ. ಸಾಮಾನ್ಯವಾಗಿ ಕಾಣುವ ಕೆಂಪು ಬುರುಡೆಯಲ್ಲಿ 68 ಡಿಗ್ರಿಗೆ ದ್ರವ ಹಿಗ್ಗಿ ಗಾಜು ಒಡೆಯುತ್ತದೆ, ನೀರು ಸುರಿಯುತ್ತದೆ. ಚಲನಚಿತ್ರಗಳಲ್ಲಿ ತೋರಿಸುವಂತೆ ಎಲ್ಲವೂ ಒಮ್ಮೆಗೇ ಸುರಿಯುವುದಿಲ್ಲ. ಕಾವು ತಟ್ಟಿದ ಬುರುಡೆ ಮಾತ್ರ ಒಡೆಯುತ್ತದೆ. 30 ಡಿಗ್ರಿಯ ಒಂದು ಗ್ರಾಂ ನೀರು ಕುದಿಯುವ ಮಟ್ಟಕ್ಕೆ ಬರಲು 70 ಕೆಲೊರಿ, ಆವಿಯಾಗಲು ಮತ್ತೆ 540 ಕೆಲೊರಿ ಉಷ್ಣವನ್ನು ಹೀರುತ್ತದೆ. ನೀರಿನ ಆರಿಸುವ ಶಕ್ತಿಯ ಬಹುಪಾಲು ಈ ಗುಪ್ತೋಷ್ಣದಲ್ಲಿದೆ. ಆದರೆ ಕುದಿಯುವ ಎಣ್ಣೆಗೂ ಪ್ರವಾಹವಿರುವ ವಿದ್ಯುತ್ ಉಪಕರಣಕ್ಕೂ ನೀರು ಸಲ್ಲದು. ಎಣ್ಣೆಯ ಬಾಣಲೆಯನ್ನು ಮುಚ್ಚಳದಿಂದ ಮುಚ್ಚಬೇಕು. ಉಪಕರಣದ ಪ್ರವಾಹವನ್ನು ಮೊದಲು ನಿಲ್ಲಿಸಿ, ಇಂಗಾಲದ ಡೈಆಕ್ಸೈಡಿನ ಅಥವಾ ಒಣಪುಡಿಯ ನಂದಕವನ್ನು ಬಳಸಬೇಕು.

ಸಂಹಿತೆಯ ಪ್ರಕಾರ 15 ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟವು ಎತ್ತರದ ಕಟ್ಟಡಗಳು. ನಮ್ಮೂರಿನಲ್ಲಿ ಅಂತಹ ಸೌಧಗಳೆಲ್ಲಿವೆ, ಈ ಕಟ್ಟಳೆ ಪೇಟೆಯವರಿಗೆ ಎಂದು ಹಳ್ಳಿಯ ಓದುಗರು ಭಾವಿಸಬಹುದು. ಬೆಂಕಿಗೆ ಈ ಭೇದ ಗೊತ್ತಿಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನಲ್ಲಿ 92 ಮಂದಿ ಮಡಿದರು. ಅವರಲ್ಲಿ ಬಹುಪಾಲು ಮಕ್ಕಳು. ಅದು ಬರಿಯ ಡೇರೆ, ಮಹಡಿಯೇ ಇರಲಿಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಗರಿಯ ಚಾವಣಿಗೆ ಬೆಂಕಿ ಹತ್ತಿ 94 ಮಕ್ಕಳು ಅಸುನೀಗಿದರು. ಈ ದುರಂತದ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರ ಏಪ್ರಿಲಿನಲ್ಲಿ ತೀರ್ಪಿತ್ತು, ಸುರಕ್ಷಿತವಾದ ಶಾಲೆ ವಿದ್ಯಾಭ್ಯಾಸದ ಹಕ್ಕಿನ ಭಾಗವೆಂದು ಸಾರಿತು. ಸರ್ಕಾರಿ ಶಾಲೆಯಾಗಲಿ ಖಾಸಗಿ ಶಾಲೆಯಾಗಲಿ, ಬೆಂಕಿನಂದಕಗಳಿರಬೇಕು, ಸಿಬ್ಬಂದಿಗೆ ಅವುಗಳ ಬಳಕೆ ತಿಳಿದಿರಬೇಕು ಎಂದು ವಿಧಿಸಿತು. ಕರೂರಿನ ಶಾಲೆಗೂ ಬೆಂಗಳೂರಿನ ಶಾಲೆಗೂ ಈ ವಿಧಿ ಒಂದೇ.

ಹಳ್ಳಿಯಲ್ಲಿ ಈ ಎಚ್ಚರ ಇನ್ನೂ ಹೆಚ್ಚಾಗಿರಬೇಕು. 101 ಅಥವಾ 112ಕ್ಕೆ ಕರೆ ಮಾಡಿದರೂ ಅಗ್ನಿಶಾಮಕ ವಾಹನವು ಸಾಮಾನ್ಯವಾಗಿ ಹಲವು ಮೈಲಿಗಳನ್ನು ದಾಟಿ ಬರಬೇಕಷ್ಟೆ. ಆ ಅವಧಿಯಲ್ಲಿ ಕಾಯುವುದು ಕಟ್ಟಡದ ರಚನೆ, ಜನರ ತಿಳಿವಳಿಕೆ ಇವೆರಡೇ. ಶಾಲೆ, ಕಲ್ಯಾಣಮಂಟಪ, ಗಿರಣಿ ಇವುಗಳಲ್ಲಿ ಪರೀಕ್ಷಿಸಬೇಕಾದುದು ಹೆಚ್ಚೇನಲ್ಲ. ಎರಡನೆಯ ಬಾಗಿಲು ಇದೆಯೆ? ಅದಕ್ಕೆ ಬೀಗ ಬಿದ್ದಿದೆಯೆ? ಅದು ಹೊರಕ್ಕೆ ತೆರೆಯುವುದೆ? ಮೆಟ್ಟಿಲಿನ ಕೆಳಗೆ ಹುಲ್ಲು, ಗೋಣಿ, ಮುರಿದ ಬೆಂಚು ತುಂಬಿದೆಯೆ? ನಂದಕದ ಮಾಪಕದ ಮುಳ್ಳು ಹಸಿರು ಗುರುತಿನಲ್ಲಿದೆಯೆ? ವಿದ್ಯುತ್ತಿನ ಮುಖ್ಯ ಸ್ವಿಚ್ಚು ಎಲ್ಲಿದೆಯೆಂದು ಎಲ್ಲರಿಗೂ ಗೊತ್ತೆ? ಇಷ್ಟನ್ನು ನೋಡಲು ಒಂದು ಗಂಟೆ ಸಾಕು; ಇವುಗಳಲ್ಲಿ ಬಹಳಷ್ಟನ್ನು ಸರಿಪಡಿಸಲು ಬಡಗಿಯ ಒಂದು ದಿನದ ಕೂಲಿ ಸಾಕು.