ಹಾಸಿಗಿ ಆಮ್ಯಾಲ, ಗಾಲಿ ಮೊದ್ಲ

ತಮ್ಮಂದಿರಾ, ಹಳೆ ಓಮ್ನಿ, ಟ್ರ್ಯಾಕ್ಸ್, ಟೆಂಪೋ ಟ್ರಾವೆಲರ್ ಕೊಂಡು ತಂದು, ಹಿಂದಿನ ಸೀಟ ಬಿಚ್ಚಿ, ಹಲಿಗಿ ಬಡದು ಗಾಡ್ಯಾಗ ಮನಿ ಮಾಡಾಕ ಹತ್ತೀರಿ. ಒಬ್ಬರ ಗಾಡಿ ಫೋಟೋ ಇನ್ನೊಬ್ಬರಿಗೆ ಕಳಸ್ತೀರಿ. ಒಂದರಾಗ ನೀಲಿ ದೀಪ, ಒಂದರಾಗ ಮಡಚೂ ಟೇಬಲ್ಲು, ಒಂದರಾಗ ಗುಲಾಬಿ ಬಣ್ಣದ ಪರದೆ. ನೋಡಿ ನಮ್ಮಂಥಾ ವಯಸ್ಸಾದವ್ರಿಗೂ ಖುಷಿನ. ಆದ್ರ ಅಷ್ಟೂ ಫೋಟೋದಾಗ ಒಂದರಾಗೂ ಗಾಡಿಯ ತಳಾ ಕಾಣೂದಿಲ್ಲ. ಅದಕ್ಕ ನಾಕು ಮಾತು ಹೇಳೋಣಂತ.

ಉಳವಿ ಚನ್ನಬಸವಣ್ಣನ ಜಾತ್ರಿಗೆ ಚಕ್ಕಡಿ ಹೂಡಿಕೊಂಡು ಹೋಗೂ ರೂಢಿ ನಮ್ಮ ಧಾರವಾಡ ಜಿಲ್ಲಾದಾಗ ಇನ್ನೂ ಜೀವಂತ ಐತಿ. ಭಾರತ ಹುಣ್ಣಿಮಿ ಹತ್ರ ಬಂತಂದ್ರ ಹೊಂಡತಾರ. ಹಾದ್ಯಾಗ ಮುಕ್ಕಾಮ ಮಾಡಕೋತ, ಬಂಡಿ ಬಾಜೂಕ ಒಲಿ ಹೂಡಿ, ರೊಟ್ಟಿ ತಿಂದು, ಅದರಾಗನ ಮಲಗಿ ಜೋಯಿಡಾದ ಕಾಡು ಮುಟ್ಟತಾರ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗೂದೂ ಹಂಗ. ಗಾಲಿ ಮ್ಯಾಲ ಸಂಸಾರ ಹೂಡೂ ಈ ವಿದ್ಯಾದಾಗ ಒಂದು ಕ್ರಮ ಇತ್ತು, ಅದನ್ನ ನೀವು ಕಲೀಬೇಕು. ಜಾತ್ರಿ ಇನ್ನೂ ದೂರ ಇರೂ ಮುಂದನ ಗಾಲಿ ಬಡಿಗ್ಯಾರ ಮನಿಗೆ ಹೋಗತಿದ್ವು. ಸಡ್ಲಾದ ಹಳಿ ಕಮ್ಮಾರ ಕಾಸಿ ಬಿಗೀತಿದ್ದ. ಅಚ್ಚಿಗೆ ಕೀಲೆಣ್ಣಿ ಬೀಳತಿತ್ತು. ಹೆಚ್ಚಿಗಿ ಒಂದು ಕಡೆಗೀಲು ಗಂಟಿನಾಗ ಸೇರತಿತ್ತು. ಕಮಾನು ಬಗ್ಗಿಸಿ ತಾಡಪತ್ರಿ ಹೊದಿಸೂದು, ಹುಲ್ಲು ಹಾಸಿ ಮ್ಯಾಲ ಜಮಖಾನಿ ಹಾಕೂದು ಕೊನೀ ದಿನದ ಕೆಲಸ. ನೀವು ಇದನ್ನ ತಿರಗಾ ಮುರಗಾ ಮಾಡೀರಿ. ಹಾಸಿಗಿಯಿಂದ ಸುರು ಮಾಡಿ ಗಾಲಿಗೆ ಬರೂ ಹೊತ್ತಿಗೆ ಕಿಸೆದಾಗಿನ ರೊಕ್ಕ ತೀರಿರತೈತಿ.

ಮೊದ್ಲ ತೂಕ. ಒಂದು ಲೀಟರ್ ನೀರು ಅಂದ್ರ ಒಂದು ಕಿಲೋ. ನೂರು ಲೀಟರಿನ ಟಾಕಿ ಕೂಡಿಸಿದ್ರ ನೂರು ಕಿಲೋ ನೀರೊಂದ ಆತು. 18 ಎಂ.ಎಂ. ಪ್ಲೈವುಡ್ಡಿನ ಎಂಟಡಿ-ನಾಕಡಿ ಹಾಳಿ ಒಂದು 30 ಕಿಲೋದ ಮ್ಯಾಲ ತೂಗತೈತಿ. ಅಂಥಾವು ನಾಕೈದು ಹಚ್ಚಿ, ಬ್ಯಾಟರಿ, ಸಿಲಿಂಡರ್, ಪಾತ್ರಿ ಪಗಡಿ, ಹಾಸಿಗಿ, ಮ್ಯಾಲ ನೀವು ಐದು ಮಂದಿ. ನಿಮ್ಮ ಆರ್.ಸಿ.ಯೊಳಗ ಖಾಲಿ ಗಾಡಿ ತೂಕ, ತುಂಬಿದ ಗಾಡಿ ತೂಕ ಎರಡೂ ಬರದಿರತಾರ. ಆ ಎರಡರ ನಡುವಿನ ಅಂತರದಾಗ ನಿಮ್ಮ ಸಂಸಾರ ಹಿಡೀಬೇಕು. ಹಿಡಿದೈತೋ ಇಲ್ಲೋ ಅಂತ ಅಂದಾಜ ಹೊಡೀಬ್ಯಾಡ್ರಿ. ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳಿಯೂ ನಾಡಿದು, ಲಾರಿ ತೂಗೂ ಕಾಟಾಕ್ಕ ಬರಗಾಲ ಇಲ್ಲ. ನೀರು ತುಂಬಿ, ಮಂದೀನ ಕುಂದರಿಸಿ ಇಡೀ ಗಾಡಿ ಒಮ್ಮೆ ತೂಗಿಸ್ರಿ. ಆಮ್ಯಾಲ ಹಿಂದಿನ ಗಾಲಿ ಅಷ್ಟ ಕಾಟಾದ ಮ್ಯಾಲ ಇಟ್ಟು ಇನ್ನೊಮ್ಮೆ. ಹಿಂದ ಭಾರ ಹೆಚ್ಚಾತಂದ್ರ ಮುಂದಿನ ಗಾಲಿ ಹಗೂರಾಗಿ ಸ್ಟೇರಿಂಗ್ ಹೇಳಿದ ಮಾತು ಕೇಳೂದಿಲ್ಲ. ಟಾಕಿ, ಬ್ಯಾಟರಿ ಇಂಥಾ ಭಾರದ ಸಾಮಾನು ತಳದಾಗ, ಮುಂದಿನ ಗಾಲಿ ಹಿಂದಿನ ಗಾಲಿ ನಡುವ ಇರಲಿ. ಟಾಪಿನ ಮ್ಯಾಲ ಸಾಮಾನು ಹೇರಬ್ಯಾಡ್ರಿ, ನವಲಗುಂದದ ಬಯಲಾಗ ಅಡ್ಡಗಾಳಿ ಹೊಡದ್ರ ಗಾಡಿ ಓಲಾಡತೈತಿ. ಗ್ಯಾರೇಜಿನವ "ಸ್ಪ್ರಿಂಗಿಗೆ ಒಂದು ಪಾಟಾ ಹೆಚ್ಚಿಗಿ ಹಾಕ್ತೇನಿ, ಚಿಂತಿ ಬಿಡ" ಅಂತಾನ. ಪಾಟಾ ಹಾಕಿಸಿದ್ರ ಗಾಡಿ ಎತ್ತರ ನಿಂತೀತು, ಬ್ರೇಕು ದೊಡ್ಡದಾಗೂದಿಲ್ಲ.

ಓಮ್ನಿ ತಂದವ್ರಿಗೆ ಒಂದು ಮಾತು ಹೆಚ್ಚಿಗಿ. ಅದರ ಎಂಜಿನ್ನು 796 ಸಿ.ಸಿ., ಅದೂ ಮುಂದಿನ ಸೀಟಿನ ಬುಡಕ. ಸೀಟ ಎತ್ತಿ ಎಣ್ಣಿ ನೋಡೂ ಜಾಗಾದಾಗ ಕಪಾಟು ಬಡೀಬ್ಯಾಡ್ರಿ. ಕಂಪನಿ ಆ ಗಾಡಿ ಮಾಡೂದು 2019ರಾಗ ನಿಲ್ಲಿಸೇತಿ, ಹಂಗಾಗಿ ನಿಮ್ಮ ಕೈಗೆ ಬಂದದ್ದು ಎಷ್ಟು ಹೊಸಾದು ಅಂದ್ರೂ ಹಳೇದ. ರಬ್ಬರ್ ಪೈಪು, ಬೆಲ್ಟು, ಬುಷ್ಷು ಎಲ್ಲಾ ಮುಟ್ಟಿ ನೋಡ್ರಿ. ಟೈರಿನ ಬಾಜೂಕ ನಾಕು ಅಂಕಿ ಇರತಾವು, 2319 ಅಂತಿದ್ರ 2019ರ 23ನೇ ವಾರದಾಗ ತಯಾರಾದದ್ದು ಅಂತ ಅರ್ಥ. ಜಾತ್ರಿಗೊಮ್ಮೆ ಹೊಂಡೂ ಗಾಡಿಯ ಟೈರು ಸವೀದನ ಮುಪ್ಪಾಗತಾವು. ಮ್ಯಾಲಿನ ಗೆರಿ ನೋಡಿ ಮೋಸ ಹೋಗಬ್ಯಾಡ್ರಿ, ಬಾಜೂಕ ಸೀಳು ಬಿದ್ದಾವೇನು ನೋಡ್ರಿ.

ಇನ್ನ ನಮ್ಮ ನೆಲದ ಗುಣ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಮಣ್ಣು ಒಣಗಿದ್ರ ಬಿರೀತೈತಿ, ತೊಯ್ದ್ರ ಉಬ್ಬತೈತಿ. ಮಳಿ ಬಂದ ರಾತ್ರಿ ಹೊಲದಾಗ ಗಾಡಿ ನಿಲ್ಲಿಸಿದವ ಮುಂಜಾನೆ ಟ್ರ್ಯಾಕ್ಟರ್ ಹುಡುಕಬೇಕು. ಆ ಕೆಸರು ಮಡಗಾರ್ಡಿನ ಒಳಗ, ಚಾಸಿ ಸಂದಿನಾಗ ಕುಂತು ದಿನಗಟ್ಲೆ ಹಸಿ ಇರತೈತಿ, ಅಲ್ಲಿಂದನ ತುಕ್ಕು ಸುರು. ಊರಿಗೆ ಬಂದ ಕೂಡ್ಲೆ ಕೆಳಗ ನೀರು ಹೊಡಸ್ರಿ. ಬ್ಯಾಸಗ್ಯಾಗ ಅದ ಎರಿ ಧೂಳಾಗಿ ಏರ್ ಫಿಲ್ಟರಿಗೆ ಬಡೀತೈತಿ, ಕಂಪನಿ ಪುಸ್ತಕ ಹೇಳಿದ್ದಕ್ಕಿಂತ ಮೊದ್ಲ ತಗದು ಝಾಡಸ್ರಿ. ಮತ್ತ ನೀರು. ನವಲಗುಂದ ಕಡೆ ಬೋರಿನ ನೀರು ಸವಳು, ಬಾಯಾಗ ಹಾಕ್ಕೊಂಡ್ರ ತಿಳೀತೈತಿ. ಆ ನೀರನ್ನ ರೇಡಿಯೇಟರಿಗೆ, ಬ್ಯಾಟರಿಗೆ ಹಾಕಿದ್ರ ಒಳಗ ಉಪ್ಪು ಕಟ್ಟಿ ಅದರ ಆಯುಷ್ಯ ಕಳೀತೈತಿ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ರೇಡಿಯೇಟರಿಗೆ ಕೂಲಂಟ್. ಕ್ಯಾನು ಗಾಡ್ಯಾಗನ ಇರಲಿ.

ವೈರಿಂಗ್ ವಿಷಯದಾಗ ನಿಮ್ಮ ಮ್ಯಾಲ ನನಗ ಸಿಟ್ಟೈತಿ. ಮನಿ ಕಟ್ಟಿ ಉಳದ ವೈರು ತಂದು ಗಾಡಿಗೆ ಎಳೀತೀರಿ. ಮನ್ಯಾಗ ಇರೂದು 230 ವೋಲ್ಟು, ಗಾಡ್ಯಾಗ 12. ವೋಲ್ಟು ಇಳದಷ್ಟು ಆಂಪಿಯರ್ ಏರತೈತಿ. 500 ವಾಟಿನ ಮಿಕ್ಸರನ್ನ ಇನ್ವರ್ಟರ್ ಮ್ಯಾಲ ತಿರುವಿದ್ರ ಬ್ಯಾಟರಿಯಿಂದ 40 ಆಂಪಿಯರ್ ದಾಟಿ ಕರೆಂಟ್ ಹರೀತೈತಿ. ದೀಪಕ್ಕ ಎಳದ ಸಣ್ಣ ವೈರು ಅದನ್ನ ತಡಿಯೂದಿಲ್ಲ. ಬಿಸಿಯಾಗಿ, ಮ್ಯಾಲಿನ ಪ್ಲಾಸ್ಟಿಕ್ ಕರಗಿ, ಪ್ಲೈವುಡ್ಡಿನ ಹಿಂದ ಯಾರಿಗೂ ಕಾಣದಂಗ ಸುಡತೈತಿ. ಅದಕ್ಕ ಮೂರು ಕೆಲಸ ಬಿಡಬ್ಯಾಡ್ರಿ. ಬ್ಯಾಟರಿ ಪ್ಲಸ್ಸಿನಿಂದ ಹೊಂಟ ವೈರಿಗೆ ಗೇಣಿನ ಒಳಗ ಫ್ಯೂಸ್ ಇರಬೇಕು. ವೈರು ತಗಡಿನ ತೂತಿನಾಗ ಹಾಯೂ ಕಡೆ ರಬ್ಬರ್ ಬಳಿ ಇರಬೇಕು, ಇಲ್ಲಾಂದ್ರ ಗಾಡಿ ಅಲುಗಾಟಕ್ಕ ತಗಡು ಅದನ್ನ ಕೊಯ್ಯತೈತಿ. ದೀಪ ಫ್ಯಾನಿನ ಬ್ಯಾಟರಿ ಬ್ಯಾರೆ, ಗಾಡಿ ಚಾಲೂ ಮಾಡೂ ಬ್ಯಾಟರಿ ಬ್ಯಾರೆ. ಎಂಜಿನ್ ಬಂದ್ ಆದ ಕೂಡ್ಲೆ ಎರಡನ್ನೂ ಬಿಡಸೂ ಐಸೊಲೇಟರ್ ಸಿಗತೈತಿ, ಹಾಕಸ್ರಿ. ರಾತ್ರಿಯೆಲ್ಲಾ ಹಾಡು ಕೇಳಿ ಮುಂಜಾನೆ ಗಾಡಿ ನೂಕೂದು ಎಷ್ಟು ಮಂದೀದು ನೋಡೀನಿ. ಆ್ಯಸಿಡ್ ಬ್ಯಾಟರಿ ಪೂರಾ ತುಂಬಿದಾಗ 12.7 ವೋಲ್ಟಿನ ಹತ್ರ ತೋರಸತೈತಿ, 12.2ಕ್ಕ ಬಂತಂದ್ರ ಅರ್ಧ ಖಾಲಿ, ಅದರ ಕೆಳಗ ಇಳಸಬ್ಯಾಡ್ರಿ. ವೆಲ್ಡಿಂಗ್ ಮಾಡಸೂ ಮುಂದ ಬ್ಯಾಟರಿ ಬಿಚ್ಚೂದು ಮರೀಬ್ಯಾಡ್ರಿ. ಡೀಸಲ್ ಟಾಕಿ ಬಾಜೂಕ ವೆಲ್ಡಿಂಗ್ ಮಾಡೂದಂತೂ ಬ್ಯಾಡ.

ಅಡಿಗಿ ಹೊರಗ ಮಾಡ್ರಿ. ಗಾಡ್ಯಾಗ ಗ್ಯಾಸ್ ಇಡೂದ ಆದ್ರ 5 ಕಿಲೋದ ಸಣ್ಣ ಸಿಲಿಂಡರ್ ಸಾಕು. ಆ ಗ್ಯಾಸು ಗಾಳಿಗಿಂತ ಭಾರ, ಸೋರಿದ್ರ ಕಿಡಕಿಯಿಂದ ಹೋಗೂದಿಲ್ಲ, ತಳದಾಗ ನಿಲ್ಲತೈತಿ. ಅದಕ್ಕ ಸಿಲಿಂಡರ್ ಪೆಟ್ಟಿಗಿ ಮಲಗೂ ಕಡೆಗೆ ಪೂರಾ ಮುಚ್ಚಿ, ಹೊರಗಿನ ಕಡೆ ತಳದಾಗ ತೂತು ಬಿಡ್ರಿ. ಪೈಪಿಗೆ ಸಾಬೂನಿನ ನೊರಿ ಹಚ್ಚಿ ನೋಡ್ರಿ, ಗುಳ್ಳಿ ಎದ್ರ ಅವತ್ತು ಚಾ ಹೋಟೆಲಿನಾಗ ಕುಡೀರಿ. ಇನ್ನೊಂದು, ಇದನ್ನ ನಿಮ್ಮ ಅವ್ವ ಅಪ್ಪಗೂ ಹೇಳ್ರಿ: ಮಾಘದ ಚಳಿಗೆ ಶೆಗಡಿ ಕೆಂಡ ಒಳಗ ಇಟ್ಟು ಕಿಡಕಿ ಮುಚ್ಚಿ ಮಲಗಬ್ಯಾಡ್ರಿ. ಹೊಗಿ ಕಾಣದಿದ್ರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರತೈತಿ. ಅದಕ್ಕ ವಾಸನಿ ಇಲ್ಲ, ಕೆಮ್ಮೂ ಬರೂದಿಲ್ಲ, ನಿದ್ದ್ಯಾಗನ ಜೀವ ಹೋಗತೈತಿ. ಎರಡು ಕಂಬಳಿ ಹೆಚ್ಚಿಗಿ ಒಯ್ಯರಿ.

ಒಳಗಿನ ಸಿಂಗಾರಕ್ಕ ನಮ್ಮ ಕಡೆನ ಬೇಕಾದಷ್ಟೈತಿ. ನೆಲಕ್ಕ ಪ್ಲಾಸ್ಟಿಕ್ ಹಾಸೂ ಬದಲಿ ನವಲಗುಂದದ ಹೆಣ್ಣುಮಕ್ಕಳು ನೇಯೂ ಜಮಖಾನಿ ತಗೋರಿ. ಹತ್ತೀದು, ಒಗದು ಬಿಸಲಿಗೆ ಹಾಕಿದ್ರ ಮುಗೀತು. ಮರದ ಕೆಲಸ ಕಲಿಯೂದಿದ್ರ ಕಲಘಟಗಿಗೆ ಹೋಗಿ ತೊಟ್ಟಿಲು ಮಾಡೂವ್ರ ಮುಂದ ಸುಮ್ಮನ ಕುಂತು ನೋಡ್ರಿ.

ಕಾಯ್ದೆ ಮಾತು ನಿಮಗ ಬ್ಯಾಸರ, ಆದ್ರೂ ಕೇಳ್ರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಮಾಡಿಕೊಟ್ಟ ಗಾಡಿಯನ್ನ ಮನಸ್ಸಿಗೆ ಬಂದಂಗ ಬದಲಿಸಾಕ ಬರೂದಿಲ್ಲ. 2019ರ ತಿದ್ದುಪಡಿ ಬಂದ ಮ್ಯಾಲ ಒಂದೊಂದು ಬದಲಾವಣಿಗೆ 5,000 ರೂಪಾಯಿ ದಂಡ, ಆರು ತಿಂಗಳತನ ಜೈಲು, ಇಲ್ಲಾ ಎರಡೂ ಬೀಳಬಹುದು. ಸೀಟ ಕೀಳೂದು, ಟಾಪ್ ಕೊಯ್ದು ಎತ್ತರಿಸೂದು ಇಂಥಾ ಕೆಲಸಕ್ಕ ಕೈ ಹಚ್ಚೂ ಮೊದ್ಲ ಕೆಎ 25 ಇದ್ದವ್ರು ಧಾರವಾಡ, ಕೆಎ 63 ಇದ್ದವ್ರು ಹುಬ್ಬಳ್ಳಿ ಆರ್.ಟಿ.ಓ. ಆಫೀಸಿಗೆ ಹೋಗಿ ಕೇಳ್ರಿ. ಇನ್ಶೂರನ್ಸಿನವ್ರಿಗೂ ಬರವಣಿಗಿಯಾಗ ತಿಳಸ್ರಿ, ಅಪಘಾತ ಆದ ಮ್ಯಾಲ ತಿಳಿಸಿದ್ರ ಅವ್ರು ಕೈ ಎತ್ತತಾರ. ಟ್ರ್ಯಾಕ್ಟರ್ ಟ್ರೇಲರಿಗೆ ಕಮಾನು ಕಟ್ಟಿ ಮಂದಿ ತುಂಬಿಕೊಂಡು ಜಾತ್ರಿಗೆ ಹೋಗೂದನ್ನ ನಾ ಒಪ್ಪೂದ ಇಲ್ಲ. ಅದು ಹುಲ್ಲು, ಗೊಬ್ಬರ ಹೇರೂ ಡಬ್ಬಿ. ಪಲ್ಟಿ ಆದ್ರ ಒಳಗಿದ್ದವ್ರನ್ನ ಕಾಯಾಕ ಅದರಾಗ ಏನೂ ಇಲ್ಲ.

ಕಲಘಟಗಿ ದಾಟಿ ಯಲ್ಲಾಪುರ, ಮುಂದ ಅಂಕೋಲಾ ಅಂತ ಸಮುದ್ರಕ್ಕ ಇಳಿಯೂವ್ರು ಅರಬೈಲ ಘಟ್ಟದಾಗ ಸಣ್ಣ ಗೇರಿನಾಗ ಇಳೀರಿ. ಬಯಲುಸೀಮಿ ಡ್ರೈವರಿಗೆ ಬ್ರೇಕ್ ಒತ್ತಿ ಇಳಿಯೂ ಚಟ. ಭಾರದ ಗಾಡಿ ಹಂಗ ಇಳದ್ರ ಬ್ರೇಕ್ ಎಣ್ಣಿ ಕುದ್ದು ಪೆಡಲ್ ಮೆತ್ತಗಾಗತೈತಿ. ಆ ಎಣ್ಣಿ ಗಾಳ್ಯಾಗಿನ ತೇವ ಹೀರತೈತಿ, ಎರಡು ವರ್ಷಕ್ಕೊಮ್ಮೆ ಬದಲಿ ಮಾಡಸ್ರಿ. ಉಳವಿ ಸುತ್ತ ಇರೂದು ಕಾಳಿ ಹುಲಿ ಕಾಡು, ಅಲ್ಲಿ ಕಂಡಕಂಡಲ್ಲಿ ಬೆಂಕಿ ಹೂಡಬ್ಯಾಡ್ರಿ.

ಕೊನೀಗೆ, ನೀವು ಒಬ್ಬರಿಗೊಬ್ಬರು ಕಲಿಸೂ ರೀತಿ. ಚಕ್ಕಡಿ ಮಂದಿ ಮುಕ್ಕಾಮಿನಾಗ ಎತ್ತು ಬಿಚ್ಚಿದ ಮ್ಯಾಲ ಬಾಜೂಕಿನವನ ಗಾಲಿ ಅಲುಗಾಡಿಸಿ ನೋಡತಿದ್ರು, ಕೀಲು ಸವದಿದ್ರ ಮಾರಿ ಮ್ಯಾಲ ಹೇಳತಿದ್ರು. ನೀವು ಬರೇ "ಮಸ್ತ್" ಅಂತೀರಿ. ಯಾವ ಅಂಟು ಬಿಸಲಿಗೆ ಬಿಟ್ಟಿತು, ಯಾವ ಬೋಲ್ಟು ತಗ್ಗಿನ ರಸ್ತ್ಯಾಗ ಸಡ್ಲಾತು, ಎಷ್ಟು ಖರ್ಚು ದಂಡ ಆತು ಅನ್ನೂದನ್ನ ಹೇಳ್ರಿ, ಇನ್ನೊಬ್ಬರಿಗೆ ಉಪಯೋಗ ಆಗೂದು ಅದು. ಇಬ್ಬರು ಕೂಡಿದ ಕಡೆ ಒಂದು ಹಳೆ ಚಾದರ ಹಾಸಿ, ಗಾಲಿಗೆ ಕಲ್ಲು ಕೊಟ್ಟು, ಒಬ್ಬರ ಗಾಡಿ ಬುಡಕ ಇನ್ನೊಬ್ಬರು ತೂರಿ ನೋಡ್ರಿ. ಬರೇ ಜಾಕಿನ ಮ್ಯಾಲ ನಿಂತ ಗಾಡಿ ಬುಡಕ ಮಾತ್ರ ಯಾರೂ ಹೋಗಬ್ಯಾಡ್ರಿ.

ದೂರ ಹೊಂಡೂ ಮೊದ್ಲ ಊರ ಹತ್ರನ, ಗಟ್ಟಿ ನೆಲದಾಗ, ಒಂದು ರಾತ್ರಿ ಗಾಡ್ಯಾಗ ಕಳೀರಿ. ಅಡಿಗಿ ಮಾಡ್ರಿ, ಫ್ಯಾನ್ ಹಚ್ಚಿ ಮಲಗ್ರಿ, ನಡುರಾತ್ರಿ ಎದ್ದು ವೈರು ಮುಟ್ಟಿ ಬಿಸಿ ಆಗ್ಯಾವೇನು ನೋಡ್ರಿ. ಮುಂಜಾನೆ ಏನೇನು ಕೈಕೊಟ್ಟಿತು ಅಂತ ಚೀಟಿ ಬರೀರಿ. ಆ ಚೀಟ್ಯಾಗಿನ ಕೆಲಸ ಮುಗದ ಮ್ಯಾಲನ ಉಳವಿಗೋ, ಎಲ್ಲಮ್ಮನ ಗುಡ್ಡಕ್ಕೋ ಹೊಂಡ್ರಿ.