ಹಲಾಲ್ ಆದುದು ತಯ್ಯಿಬ್ ಕೂಡ ಆಗಿರಲಿ

ಆಹಾರದ ಕುರಿತು ಹೇಳುವಾಗ ಪವಿತ್ರ ಕುರ್‌ಆನ್ ಎರಡು ಪದಗಳನ್ನು ಜೊತೆಯಾಗಿ ಬಳಸುತ್ತದೆ: ಹಲಾಲ್ ಮತ್ತು ತಯ್ಯಿಬ್. ಹಲಾಲ್ ಎಂದರೆ ಧರ್ಮಸಮ್ಮತವಾದುದು. ತಯ್ಯಿಬ್ ಎಂದರೆ ಶುದ್ಧವಾದುದು, ಉತ್ತಮವಾದುದು. ಅಲ್ ಬಕರ ಅಧ್ಯಾಯದ 168ನೇ ಸೂಕ್ತದ ಈ ಕರೆ ಸತ್ಯವಿಶ್ವಾಸಿಗಳಿಗೆ ಮಾತ್ರವಲ್ಲ, ಸಮಸ್ತ ಮಾನವರಿಗೆ ಎಂಬುದನ್ನು ಗಮನಿಸಿರಿ.

ನಾವು ಮೊದಲನೆಯ ಪದವನ್ನು ಚೆನ್ನಾಗಿ ಕಲಿತಿದ್ದೇವೆ. ಮಾಂಸದಂಗಡಿಯಲ್ಲಿ ಬಿಸ್ಮಿ ಹೇಳಿ ಕೊಯ್ದದ್ದೇ ಎಂದು ವಿಚಾರಿಸುತ್ತೇವೆ. ಆದರೆ ಅದೇ ಚೀಲದಲ್ಲಿ ಮನೆಗೆ ಬರುವ ಬದನೆ, ಹೂಕೋಸು, ದ್ರಾಕ್ಷಿಯನ್ನು ಹೇಗೆ ಬೆಳೆದರೆಂದು ಕೇಳುವವರು ಎಷ್ಟು ಮಂದಿ? ರಾಸಾಯನಿಕ ಬಳಸಿ ಬೆಳೆದುದೆಲ್ಲ ವಿಷವೆಂದು ಕೆಲವರು ಹೇಳುತ್ತಾರೆ. ಸಾವಯವವೆಂಬುದು ಹಣವಂತರ ಶೋಕಿ ಎಂದು ಇನ್ನು ಕೆಲವರು ನಗುತ್ತಾರೆ. ಈ ಎರಡು ಮಾತುಗಳ ನಡುವೆ ಸತ್ಯವಿಶ್ವಾಸಿಯ ನಿಲುವು ಏನಾಗಿರಬೇಕು?

ಅಲ್ಲಾಹನು ಅನುಮತಿಸಿದ್ದನ್ನು ನಿಷೇಧಿಸದಿರೋಣ

ಅಲ್ಲಾಹನು ಧರ್ಮಸಮ್ಮತಗೊಳಿಸಿದ ಉತ್ತಮ ವಸ್ತುಗಳನ್ನು ನಾವಾಗಿ ನಿಷಿದ್ಧಗೊಳಿಸಬಾರದೆಂದು ಅಲ್ ಮಾಇದ ಅಧ್ಯಾಯದ 87ನೇ ಸೂಕ್ತ ಎಚ್ಚರಿಸುತ್ತದೆ. ಯೂರಿಯ ಹಾಕಿ ಬೆಳೆದ ಅಕ್ಕಿಯನ್ನು ಹರಾಮ್ ಎನ್ನಲು ಯಾರಿಗೂ ಅಧಿಕಾರವಿಲ್ಲ. 1960ರ ದಶಕದಲ್ಲಿ ನಮ್ಮ ದೇಶ ಅಮೆರಿಕದ ಹಡಗುಗಳಲ್ಲಿ ಬರುವ ಗೋಧಿಗಾಗಿ ಕಾದು ಕುಳಿತಿತ್ತು. 1950-51ರಲ್ಲಿ ಸುಮಾರು 5 ಕೋಟಿ ಟನ್ ಇದ್ದ ಆಹಾರಧಾನ್ಯಗಳ ಉತ್ಪಾದನೆ 2020-21ರಲ್ಲಿ 31 ಕೋಟಿ ಟನ್ ದಾಟಿತು. ಹೊಸ ತಳಿ, ನೀರಾವರಿಗಳ ಜೊತೆಗೆ ರಸಗೊಬ್ಬರದ ಪಾಲೂ ಇದರಲ್ಲಿದೆ. ಹಸಿದವನ ಹೊಟ್ಟೆಗೆ ಅನ್ನ ತಲುಪಿದ್ದನ್ನು ಮರೆಯುವುದು ಕೃತಘ್ನತೆಯಾದೀತು.

ನೆರೆಯ ಶ್ರೀಲಂಕಾದ ಅನುಭವವೂ ನಮ್ಮ ಮುಂದಿದೆ. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಸರಕಾರವು ರಸಗೊಬ್ಬರ ಮತ್ತು ಕೀಟನಾಶಕಗಳ ಆಮದನ್ನು ಒಮ್ಮೆಲೇ ನಿಷೇಧಿಸಿತು. ರೈತನಿಗೆ ಸಿದ್ಧನಾಗಲು ಸಮಯ ಸಿಗಲಿಲ್ಲ. ಭತ್ತದ ಫಸಲು ಕುಸಿಯಿತು, ಅಕ್ಕಿಯಲ್ಲಿ ಬಹುಮಟ್ಟಿಗೆ ಸ್ವಾವಲಂಬಿಯಾಗಿದ್ದ ದೇಶ ಹೊರಗಿನಿಂದ ತರಿಸಬೇಕಾಯಿತು. ನವೆಂಬರ್ ಹೊತ್ತಿಗೆ ಸರಕಾರ ಹಿಂದೆ ಸರಿಯಿತು. ಒಳ್ಳೆಯ ಉದ್ದೇಶಕ್ಕೂ ವಿವೇಕದ ಮಾರ್ಗ ಬೇಕು.

ಬೆಳೆ ಮತ್ತು ಸಂತತಿಯ ನಾಶ

ಹಾಗೆಂದು ಎಲ್ಲವೂ ಸರಿಯೆಂದು ಸುಮ್ಮನಿರಬಹುದೇ? ಅಲ್ ಬಕರ ಅಧ್ಯಾಯದ 205ನೇ ಸೂಕ್ತವು ಭೂಮಿಯಲ್ಲಿ ಕ್ಷೋಭೆ ಹರಡುವವನ ಲಕ್ಷಣವಾಗಿ ಎರಡು ನಾಶಗಳನ್ನು ಒಟ್ಟಿಗೆ ಹೇಳುತ್ತದೆ: ಬೆಳೆಯ ನಾಶ ಮತ್ತು ಸಂತತಿಯ ನಾಶ. ಕಾಸರಗೋಡಿನ ಎಣ್ಮಕಜೆ, ಪಡ್ರೆ ಮುಂತಾದ ಊರುಗಳ ಕಥೆ ಬಲ್ಲವರಿಗೆ ಈ ಸೂಕ್ತಕ್ಕೆ ವ್ಯಾಖ್ಯಾನ ಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ತೋಟಗಳಿದ್ದುದು ಗುಡ್ಡದ ಮೇಲೆ, ಮನೆ, ಬಾವಿ, ತೋಡುಗಳಿದ್ದುದು ಕೆಳಗೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಅದೇ ಸಂಕಟ. ಹುಟ್ಟಿನಿಂದಲೇ ಅಂಗವಿಕಲರಾದ, ಮಾತು ಬಾರದ, ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳನ್ನು ತಾಯಂದಿರು ವರ್ಷಗಟ್ಟಲೆ ಮಡಿಲಲ್ಲಿಟ್ಟು ಸಾಕಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶಾದ್ಯಂತ ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಕೇರಳ ಸರಕಾರಕ್ಕೆ ಆದೇಶಿಸಿತು.

ಇಲ್ಲಿ ಒಂದು ವಿಷಯವನ್ನು ಯೋಚಿಸಿರಿ. ಆ ಗೇರುಬೀಜವನ್ನು ತಿಂದವರು ಎಲ್ಲೋ ದೂರದವರು. ಬೆಲೆ ತೆತ್ತವರು ತೋಟದ ಕೆಳಗಿನ ಮನೆಯವರು. ಆದುದರಿಂದ ಇದನ್ನು ತಿಂದರೆ ನನಗೆ ಏನಾದೀತು ಎಂಬ ಪ್ರಶ್ನೆಯೊಂದೇ ಸಾಲದು. ಇದನ್ನು ಬೆಳೆದಾಗ ಕೂಲಿಯವನಿಗೆ, ನೆರೆಮನೆಯ ಬಾವಿಗೆ, ಹುಟ್ಟಲಿರುವ ಮಗುವಿಗೆ ಏನಾಯಿತು ಎಂದೂ ಕೇಳಬೇಕು. ಯಾರಿಗೂ ಹಾನಿ ಮಾಡಬಾರದೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಫಿಕ್‌ಹ್ ವಿದ್ವಾಂಸರು ಒಂದು ಮೂಲತತ್ವವಾಗಿಯೇ ಸ್ವೀಕರಿಸಿದ್ದಾರೆ.

ಮನೆಗೊಂದು ಸಾಲು, ಸಂತೆಗೊಂದು ಸಾಲು

ತರಕಾರಿ ಬೆಳೆಯುವ ಕೆಲವರು ಮನೆಯ ಬಳಕೆಗೆ ಒಂದು ಸಾಲನ್ನು ಬೇರೆಯೇ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಹಟ್ಟಿಗೊಬ್ಬರ ಮಾತ್ರ. ಸಂತೆಗೆ ಹೋಗುವ ಸಾಲಿಗೆ ವಿಷ. ನಿನ್ನೆ ಸಿಂಪಡಿಸಿದ್ದು ಇಂದು ತಕ್ಕಡಿಗೆ ಬಂದಿರುತ್ತದೆ. ತನಗಾಗಿ ಬಯಸುವುದನ್ನೇ ಸಹೋದರನಿಗಾಗಿ ಬಯಸುವ ತನಕ ಈಮಾನ್ ಪೂರ್ಣವಾಗದೆಂದು ಕಲಿತವರು ಈ ಎರಡು ಸಾಲುಗಳ ನಡುವೆ ನಿಂತು ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳಬೇಕಲ್ಲವೇ?

ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಅವರು ಕೇಳಿದರು, ವಂಚಿಸುವವನು ನಮ್ಮವನಲ್ಲವೆಂದು ತಿಳಿಸಿದರು. ತೇವವಾದರೆ ಬೆರಳಿಗೆ ತಿಳಿಯುತ್ತದೆ. ವಿಷದ ಶೇಷ ಕಣ್ಣಿಗೂ ಕಾಣದು, ಕೈಗೂ ತಗಲದು. ಆದ್ದರಿಂದಲೇ ಬೆಳೆಗಾರನ ಅಮಾನತ್ ಇಲ್ಲಿ ಇನ್ನಷ್ಟು ಭಾರವಾದುದು.

ಸಾವಯವದ ಹೆಸರಿನಲ್ಲಿ ಮಾರುವವರಿಗೂ ಇದೇ ಮಾತು. ಪ್ರಮಾಣಪತ್ರ ಪಡೆಯಲು ವಾರ್ಷಿಕ ಬೆಳೆಗೆ ಸಾಮಾನ್ಯವಾಗಿ 2 ವರ್ಷ, ಬಹುವಾರ್ಷಿಕ ಬೆಳೆಗೆ 3 ವರ್ಷ ನಿಯಮ ಪಾಲಿಸಬೇಕು. ಸಾಮಾನ್ಯ ಬೇಳೆಯನ್ನು ಚೀಲ ಬದಲಿಸಿ ದುಪ್ಪಟ್ಟು ಬೆಲೆಗೆ ಮಾರುವುದು ನಯವಾದ ಕಳ್ಳತನ.

ನಾವು ಮಾಡಬಹುದಾದದ್ದು

ಕೃಷಿಕ ಬಾಂಧವರೇ, ನಾವು ಕೀಟನಾಶಕವನ್ನು ಮದ್ದು ಎಂದು ಕರೆದು ಕರೆದು ಅದು ವಿಷವೆಂಬುದನ್ನೇ ಮರೆತಿದ್ದೇವೆ. ಡಬ್ಬಿಯ ಮೇಲಿನ ಬಣ್ಣವನ್ನು ನೋಡಿರಿ. ಕೆಂಪು ಅತ್ಯಂತ ಅಪಾಯಕಾರಿ. ನಂತರ ಹಳದಿ, ನೀಲಿ, ಹಸಿರು. ಸಿಂಪಡಿಸಿದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕೆಂದು ಅದರ ಚೀಟಿಯಲ್ಲೇ ಇರುತ್ತದೆ. ಅಷ್ಟು ದಿನ ಕಾಯುವುದೂ ತಕ್ವಾದ ಭಾಗವೇ. ಒಮ್ಮೆಲೇ ಎಲ್ಲವನ್ನೂ ಬಿಡಲಾಗದಿದ್ದರೆ ಒಂದು ತುಂಡು ಗದ್ದೆಯಿಂದ ಆರಂಭಿಸಿರಿ.

ಸಹೋದರಿಯರೇ, ಸಾವಯವ ಕೊಳ್ಳಲು ಹಣವಿಲ್ಲವೆಂದು ಕೊರಗಬೇಡಿರಿ. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 200ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿದಾಗ ಪೋಷಕಾಂಶಗಳಲ್ಲಿ ದೊಡ್ಡ ಅಂತರ ಕಾಣಲಿಲ್ಲ. ಕೀಟನಾಶಕದ ಶೇಷ ಮಾತ್ರ ಸಾವಯವದಲ್ಲಿ ಕಡಿಮೆಯಿತ್ತು. ತರಕಾರಿಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮೇಲ್ಮೈಯ ಶೇಷ ಬಹಳಷ್ಟು ಇಳಿಯುತ್ತದೆ, ಒಳಗೆ ಸೇರಿದ್ದು ಹೋಗದು. ಬಚ್ಚಲ ನೀರು ಹರಿಯುವಲ್ಲಿ ಒಂದು ಬಸಳೆ ಚಪ್ಪರ, ಅಂಗಳದಲ್ಲಿ ಹರಿವೆ, ತೊಂಡೆ ಎಬ್ಬಿಸಲು ಹೆಚ್ಚು ಖರ್ಚಿಲ್ಲ. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ತಿಂದದ್ದೆಲ್ಲ ಅವನಿಗೆ ಸದಕವಾಗುತ್ತದೆಂಬ ಶುಭವಾರ್ತೆಯೂ ಇದೆ. ಸಾವಯವವಾಗಲಿ, ಅಲ್ಲದಿರಲಿ, ಅನ್ನವನ್ನು ಚೆಲ್ಲುವವನಿಗೆ ತಯ್ಯಿಬ್ ಆಹಾರದ ಬೆಲೆ ಇನ್ನೂ ತಿಳಿದಿಲ್ಲ.

ನಾಳೆ ಪರಲೋಕದಲ್ಲಿ ಸಂಪತ್ತನ್ನು ಹೇಗೆ ಗಳಿಸಿದೆ, ಹೇಗೆ ವ್ಯಯಿಸಿದೆ ಎಂಬ ಪ್ರಶ್ನೆ ಎದುರಾಗಲಿದೆ. ಬೆಳೆದವನೂ ಮಾರಿದವನೂ ಉಂಡವನೂ ಅದಕ್ಕೆ ಉತ್ತರಿಸಬೇಕು. ನಮ್ಮ ಅನ್ನದಲ್ಲಿ ನೆರೆಯವನ ಕಣ್ಣೀರು ಬೆರೆಯದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ, ಆಮೀನ್.