ಮಿದುಳಿನಲ್ಲಿ ಪ್ರತಿಬಿಂಬದ ಅಣುಗಳು

ಒಂದೇ ಚರ್ಮದಿಂದ ಒಂದೇ ಅಳತೆಗೆ ಹೊಲಿದ ಜೋಡಾದರೂ ಬಲಗಾಲಿನದು ಎಡಗಾಲಿಗೆ ಹಿಡಿಯದು. ಒಂದು ಮತ್ತೊಂದರ ಕನ್ನಡಿಯ ಬಿಂಬ. ಅಣುಗಳಲ್ಲಿಯೂ ಇಂತಹ ಜೋಡಿಗಳುಂಟು. ಪ್ರೋಟೀನುಗಳನ್ನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಗ್ಲೈಸೀನ್ ಒಂದನ್ನುಳಿದು ಮಿಕ್ಕವಕ್ಕೆಲ್ಲ ಎಲ್, ಡಿ ಎಂಬ ಎರಡು ರೂಪಗಳು ಸಾಧ್ಯ. ನಮ್ಮ ದೇಹವು ಪ್ರೋಟೀನನ್ನು ಕಟ್ಟುವುದು ಎಲ್ ರೂಪದಿಂದ. ಡಿ ರೂಪವು ಬ್ಯಾಕ್ಟೀರಿಯಗಳ ಕೋಶಭಿತ್ತಿಯಲ್ಲಿರುವುದರಿಂದ ನಾವುಣ್ಣುವ ಮೊಸರಿನಲ್ಲಿಯೂ ಅದು ತುಸು ಇರುತ್ತದೆ.

1935ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಎಂಬ ವಿಜ್ಞಾನಿ ಡಿ ರೂಪವನ್ನೇ ಆರಿಸಿ ಉತ್ಕರ್ಷಿಸುವ ಕಿಣ್ವವೊಂದನ್ನು ಪ್ರಾಣಿಗಳ ಮೂತ್ರಪಿಂಡದಲ್ಲಿ ಕಂಡರು. ಅದೇ ಡಿ-ಅಮೈನೋ ಆಮ್ಲ ಆಕ್ಸಿಡೇಸ್. ಈ ಕಿಣ್ವವು ಮಿದುಳಿನಲ್ಲಿಯೂ ದೊರೆಯಿತು. ಅಲ್ಲಿ ಇದಕ್ಕೇನು ಕೆಲಸ? ಈ ಒಗಟು ಬಹುಕಾಲ ಉಳಿಯಿತು. 1992ರಲ್ಲಿ ಜಪಾನಿನ ಹಾಷಿಮೋಟೊ, ನಿಷಿಕಾವಾ ಮತ್ತು ಸಂಗಡಿಗರು ಇಲಿಯ ಮಿದುಳಿನಲ್ಲಿ ಡಿ-ಸೆರೀನ್ ಗಣನೀಯ ಪ್ರಮಾಣದಲ್ಲಿರುವುದನ್ನು ತೋರಿಸಿಕೊಟ್ಟರು.

ನರಕೋಶಗಳ ಮೇಲೆ ಎನ್‌ಎಂಡಿಎ ಗ್ರಾಹಕವೆಂಬ ಬಾಗಿಲುಂಟು. ಕಲಿಕೆಯೂ ನೆನಪೂ ಬಹುಮಟ್ಟಿಗೆ ಇದನ್ನು ಆಶ್ರಯಿಸಿವೆ. ಗ್ಲುಟಾಮೇಟ್ ಒಂದರಿಂದಲೇ ಈ ಬಾಗಿಲು ತೆರೆಯದು. ಡಿ-ಸೆರೀನೋ ಗ್ಲೈಸೀನೋ ಜೊತೆಗೂಡಬೇಕು. ಬಾಗಿಲು ತೆರೆಯದಿದ್ದರೆ ಸಂದೇಶ ಸಾಗದು. ಅತಿಯಾಗಿ ತೆರೆದರೆ ಕ್ಯಾಲ್ಸಿಯಂ ನುಗ್ಗಿ ಕೋಶವೇ ಸಾಯಬಹುದು. ಆದುದರಿಂದ ಡಿ-ಸೆರೀನಿನ ಮಟ್ಟ ಹದವಾಗಿರಬೇಕು.

ಬಯಲುಸೀಮೆಯ ಗೌಡಗೆರೆಯಂತಹ ಊರುಗಳಲ್ಲಿ ಬೆಳೆದವರು ಕೆರೆಯ ಲೆಕ್ಕವನ್ನು ಬಲ್ಲರು. ಹಳ್ಳದಿಂದ ಬರುವ ನೀರೆಷ್ಟು, ತೂಬಿನಿಂದ ಹೋಗುವ ನೀರೆಷ್ಟು ಎಂಬುದರಿಂದ ಕೆರೆಯ ಮಟ್ಟ ನಿರ್ಧಾರವಾಗುತ್ತದೆ. ಮಿದುಳಿನಲ್ಲಿಯೂ ಹಾಗೆಯೇ. ಇಲ್ಲಿ ಹಳ್ಳವೆಂದರೆ ಎಲ್-ಸೆರೀನನ್ನು ಡಿ ರೂಪಕ್ಕೆ ತಿರುಗಿಸುವ ಸೆರೀನ್ ರೆಸಿಮೇಸ್. ವೊಲೋಸ್ಕರ್, ಸ್ನೈಡರ್ ಮತ್ತು ಸಂಗಡಿಗರು ಇದನ್ನು 1999ರಲ್ಲಿ ಬೇರ್ಪಡಿಸಿದರು. ತೂಬೆಂದರೆ ಕ್ರೆಬ್ಸರ ಆಕ್ಸಿಡೇಸ್. ಕಿರುಮಿದುಳಿನಲ್ಲಿ ಆಕ್ಸಿಡೇಸ್ ಹೇರಳ, ಡಿ-ಸೆರೀನ್ ಅತ್ಯಲ್ಪ. ಮುಮ್ಮಿದುಳಿನಲ್ಲಿ ಇದಕ್ಕೆ ವಿಪರ್ಯಯ. ಈ ಆಕ್ಸಿಡೇಸ್ ಕೆಲಸಮಾಡದ ಇಲಿಗಳ ಕಿರುಮಿದುಳಿನಲ್ಲಿ ಡಿ-ಸೆರೀನ್ ಏರುತ್ತದೆ. ತೂಬನ್ನು ಮುಚ್ಚಿದರೆ ಕೆರೆ ತುಂಬುವುದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕೆ?

ರೆಸಿಮೇಸಿಗೆ ಬಿ6 ಜೀವಸತ್ತ್ವದಿಂದಾಗುವ ಪಿರಿಡಾಕ್ಸಾಲ್ ಫಾಸ್ಫೇಟಿನ ನೆರವು ಬೇಕು. ಇದೇ ನೆರವಿನಿಂದ ಡಿ-ಸೆರೀನನ್ನು ಒಡೆಯುವ ಕಿಣ್ವವೊಂದು ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯದಲ್ಲಿದೆ. ಕ್ಷಕಿರಣಗಳ ಸಹಾಯದಿಂದ ಅದರ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಆರ್. ಎನ್. ಮೂರ್ತಿ, ಎಚ್. ಎಸ್. ಸಾವಿತ್ರಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ಅಣುವಿನ ಎಡಬಲಗಳನ್ನು ಕಿಣ್ವವು ಹೇಗೆ ಗುರುತಿಸುತ್ತದೆಂಬುದನ್ನು ತಿಳಿಯಲು ಇಂತಹ ರಚನೆಗಳೇ ದಾರಿ.

ಈ ಜ್ಞಾನದ ಹಿಂದೆ ರೋಗಿಗಳ ಆಸೆಯೂ ಇದೆ. ಸ್ಕಿಜೋಫ್ರೀನಿಯ ಎಂಬ ಮನೋರೋಗದಲ್ಲಿ ಎನ್‌ಎಂಡಿಎ ಗ್ರಾಹಕಗಳ ಕೆಲಸ ಕುಂದಿರಬಹುದೆಂಬ ಊಹೆಯಿಂದ, ಆಕ್ಸಿಡೇಸನ್ನು ತಡೆಯುವ ಸೋಡಿಯಂ ಬೆಂಜೋಯೇಟನ್ನು ವೈದ್ಯರು ಪರೀಕ್ಷಿಸಿದ್ದಾರೆ. ಫಲಿತಾಂಶಗಳು ಏಕಪ್ರಕಾರವಾಗಿಲ್ಲ. ಉಪ್ಪಿನಕಾಯಿ ಕೆಡದಿರಲೆಂದು ಹಾಕುವ ವಸ್ತುವೂ ಇದೇ. ಆದರೆ ಅದನ್ನು ಔಷಧವೆಂದು ತಾವಾಗಿ ಸೇವಿಸುವುದು ಸಲ್ಲದು. ತೂಬಿನ ಕೀಲಿ ನಮಗೆ ತಿಳಿದಿದೆ. ಅದನ್ನು ಎಷ್ಟು ತಿರುಗಿಸಬೇಕೆಂಬುದನ್ನು ಇನ್ನೂ ಕಲಿಯಬೇಕಾಗಿದೆ.